ಗುಳಿಗೆ ಬಂದ ಕಾಲದ ವೈದ್ಯ: ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿ

ಚರಿತ್ರಾರ್ಹ ವ್ಯಕ್ತಿಗಳೆಂದರೆ ಅರಸರು, ದಂಡನಾಯಕರು, ಕವಿಗಳು, ದೇಶಭಕ್ತರು ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಆಯುಷ್ಯವನ್ನು ಸವೆಸಿದ ವೈದ್ಯನ ಜೀವನವನ್ನು ಬರೆದಿಡುವವರು ವಿರಳ. ಆ ರೋಗಿಯು ಮನೋರೋಗಿಯಾಗಿದ್ದರಂತೂ ವೈದ್ಯನ ಹೆಸರು ಆಸ್ಪತ್ರೆಯ ಗೋಡೆಯನ್ನು ದಾಟಿ ಹೊರಗೆ ಬರುವುದೇ ಅಪರೂಪ. ಬೆಂಗಳೂರಿನ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಇಂತಹ ವೈದ್ಯರು. ೧೯೦೪ರಲ್ಲಿ ಹುಟ್ಟಿ ೧೯೬೧ರಲ್ಲಿ ತೀರಿಕೊಂಡ ಅವರು ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಅನಂತರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲನೆಯ ನಿರ್ದೇಶಕರಾದರು. ಇಂದು ನಿಮ್ಹಾನ್ಸ್ ಎಂಬ ಹೆಸರಿನಿಂದ ಜಗತ್ತಿಗೆಲ್ಲ ಪರಿಚಿತವಾಗಿರುವ ಸಂಸ್ಥೆಗೆ ತಳಹದಿಯಾದದ್ದು ಅದೇ. ಭಾರತದ ಮನೋವೈದ್ಯರ ವಲಯದಲ್ಲಿ ಅವರ ಹೆಸರು ಪ್ರಸಿದ್ಧ. ಕನ್ನಡ ಓದುಗರಲ್ಲಿ ಅದು ಅಷ್ಟು ಪ್ರಚಾರಕ್ಕೆ ಬಾರದಿರುವುದು ನಮ್ಮ ನಷ್ಟವೆಂದು ನನಗೆ ತೋರುತ್ತದೆ.

ಕನ್ನಡ ಸಾಹಿತ್ಯವನ್ನು ಪಾಠ ಹೇಳುವ ನಾನು ವೈದ್ಯರೊಬ್ಬರ ಜೀವನಕ್ಕೆ ಕೈ ಹಾಕಿದ್ದೇಕೆಂದು ಕೆಲವರು ಕೇಳಬಹುದು. ನನ್ನ ಕಾರಣವು ಶಬ್ದದಿಂದ ಹುಟ್ಟಿದ್ದು. ನಮ್ಮ ಸಾಹಿತ್ಯದಲ್ಲಿ ಮರುಳು ಎಂಬುದಕ್ಕೆ ಒಂದು ಗೌರವದ ಸ್ಥಾನವಿದೆ. ಕಲ್ಯಾಣದ ಶರಣರ ನಡುವೆ ಮರುಳಶಂಕರದೇವನೆಂಬವನು ಹುಚ್ಚನಂತೆ ಬಾಳಿ, ಕೊನೆಗೆ ಮಹಾಜ್ಞಾನಿಯೆಂದು ಗುರುತಿಸಲ್ಪಟ್ಟ ಕಥೆಯನ್ನು ನಾವು ವಿದ್ಯಾರ್ಥಿಗಳಿಗೆ ಆದರದಿಂದ ಹೇಳುತ್ತೇವೆ. ಆದರೆ ತರಗತಿಯ ಬಾಗಿಲು ದಾಟಿ ಬೀದಿಗೆ ಬಂದರೆ ಹುಚ್ಚು ಎಂಬುದು ಬೈಗುಳ. ಬಯಲುಸೀಮೆಯ ನಮ್ಮ ಕಡೆಯಲ್ಲಿ ಯಾರಾದರೂ ಅಸಂಬದ್ಧ ಮಾತಾಡಿದರೆ ಅವರನ್ನು ಧಾರವಾಡಕ್ಕೆ ಕಳಿಸಬೇಕೆಂದು ನಗೆಯಾಡುವುದುಂಟು. ೧೮೪೫ರಿಂದ ಅಲ್ಲಿರುವ ಮಾನಸಿಕ ಆಸ್ಪತ್ರೆಯೇ ಆ ನಗೆಗೆ ಮೂಲ. ಕಾವ್ಯದಲ್ಲಿ ಪೂಜ್ಯವಾದದ್ದು ಬೀದಿಯಲ್ಲಿ ಹಾಸ್ಯವಾದರೆ, ಈ ಎರಡರ ನಡುವೆ ನಿಂತು ಅದನ್ನು ಕೇವಲ ಒಂದು ರೋಗವೆಂದು ಕಂಡವನು ವೈದ್ಯ. ಆ ಕಾಣ್ಕೆ ನಮ್ಮ ನಾಡಿನಲ್ಲಿ ಹೇಗೆ ಬೆಳೆಯಿತೆಂಬುದನ್ನು ಗೋವಿಂದಸ್ವಾಮಿಯವರ ಬಾಳು ತೋರಿಸಿಕೊಡುತ್ತದೆ.

ವಿಜಯಪುರದಲ್ಲಿ ಗೋಳಗುಮ್ಮಟದ ಕಡೆಗೆ ಸಾಗುವ ಸ್ಟೇಷನ್ ರಸ್ತೆಯಲ್ಲಿ ನಾನು ಸಂಜೆ ತಿರುಗಾಡುವುದುಂಟು. ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಗಳಿಂದ ಬಂದ ಜನರು ಔಷಧದ ಅಂಗಡಿಯ ಮುಂದೆ ನಿಂತು, ಮಡಿಚಿದ ಚೀಟಿಯನ್ನು ಬಿಚ್ಚಿ, ತಿಂಗಳಿಗಾಗುವಷ್ಟು ಗುಳಿಗೆ ಕೊಂಡು ಚೀಲದ ತಳದಲ್ಲಿಟ್ಟುಕೊಂಡು ಬಸ್ಸಿಗೆ ಹೋಗುತ್ತಾರೆ. ಆ ಗುಳಿಗೆಗಳಲ್ಲಿ ಮೂರ್ಛೆರೋಗದ ಫಿನೋಬಾರ್ಬಿಟಾಲ್, ಫೆನಿಟೋಯಿನ್‌ಗಳೂ ಚಿತ್ತವಿಕಾರದ ಕ್ಲೋರ್‌ಪ್ರೋಮಜೀನ್, ರಿಸ್ಪೆರಿಡೋನ್‌ಗಳೂ ಇರುತ್ತವೆ. ಇಂದು ಇದು ಯಾರ ಕಣ್ಣನ್ನೂ ಸೆಳೆಯದ ಸಾಮಾನ್ಯ ನೋಟ. ಆದರೆ ಗೋವಿಂದಸ್ವಾಮಿಯವರು ವೈದ್ಯವೃತ್ತಿಗೆ ಇಳಿದಾಗ ಚಿತ್ತವಿಕಾರವನ್ನು ಹತೋಟಿಗೆ ತರುವ ಒಂದು ಗುಳಿಗೆಯಾದರೂ ಜಗತ್ತಿನ ಯಾವ ಆಸ್ಪತ್ರೆಯಲ್ಲಿಯೂ ಇರಲಿಲ್ಲ. ಅವರು ಕಣ್ಣು ಮುಚ್ಚುವಷ್ಟರಲ್ಲಿ ಅಂತಹ ಗುಳಿಗೆಗಳು ಬಂದಿದ್ದವು. ಒಂದು ಮಹಾಪರಿವರ್ತನೆಯು ಒಬ್ಬ ಮನುಷ್ಯನ ಸೇವಾವಧಿಯೊಳಗೇ ಮುಗಿದುಹೋದ ವಿಚಿತ್ರ ಸಂದರ್ಭವಿದು.

ರೋಗಗಳು ಮಾತ್ರ ಹೊಸವಲ್ಲ. ಚರಕಸಂಹಿತೆಯಲ್ಲಿ ಉನ್ಮಾದ ಮತ್ತು ಅಪಸ್ಮಾರಗಳ ಅಧ್ಯಾಯಗಳು ಒಂದರ ಪಕ್ಕದಲ್ಲೊಂದು ಇವೆ. ಚಿತ್ತ ಕೆಡುವುದು ಉನ್ಮಾದ; ನೆನಪು ಅಳಿದು ಮೈ ಸೆಟೆದು ಬೀಳುವುದು ಅಪಸ್ಮಾರ. ಪ್ರಾಚೀನ ವೈದ್ಯರು ಇವೆರಡನ್ನೂ ದೇಹದ ದೋಷಗಳಿಂದ ಹುಟ್ಟುವ ವ್ಯಾಧಿಗಳೆಂದೇ ವಿವರಿಸಿದರು; ಜೊತೆಗೆ ಗ್ರಹಪೀಡೆ, ಭೂತಬಾಧೆಗಳ ಮಾತನ್ನೂ ಆಡಿದರು. ಜನಸಾಮಾನ್ಯರಲ್ಲಿ ಉಳಿದದ್ದು ಈ ಎರಡನೆಯ ಮಾತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನಸ್ಸು ಕೆಟ್ಟವರನ್ನು ಕಂಡರೆ ಭಾನಾಮತಿಯ ಸಂಶಯ. ಮೂರ್ಛೆ ಬಿದ್ದವರ ಮೂಗಿಗೆ ಉಳ್ಳಾಗಡ್ಡಿ, ಕೈಗೆ ಕಬ್ಬಿಣದ ಕೀಲಿಕೈ. ಅದಕ್ಕೂ ಬಗ್ಗದಿದ್ದರೆ ಹಗ್ಗ, ಸರಪಳಿ. ಆಂಗ್ಲರ ಆಳಿಕೆಯಲ್ಲಿ ಹುಚ್ಚಾಸ್ಪತ್ರೆಗಳು ಹುಟ್ಟಿದವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಒಂದು; ಮೈಸೂರು ಸಂಸ್ಥಾನಕ್ಕಾಗಿ ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇನ್ನೊಂದು. ಅವು ರೋಗಿಗೆ ಅನ್ನವನ್ನೂ ಸೂರನ್ನೂ ಕೊಟ್ಟವು. ಸಮಾಜವನ್ನು ರೋಗಿಯಿಂದ ದೂರವಿಟ್ಟವು. ಗುಣಪಡಿಸುವ ಸಾಧನವೊಂದು ಮಾತ್ರ ಅವುಗಳಲ್ಲಿ ಇರಲಿಲ್ಲ.

ಮೈಸೂರು ಸಂಸ್ಥಾನದ ಪುಣ್ಯವೆಂದರೆ ಈ ವಿಷಯದಲ್ಲಿ ಕಳಕಳಿಯುಳ್ಳ ವೈದ್ಯರು ಅದಕ್ಕೆ ದೊರೆತರು. ಡಾಕ್ಟರ್ ಫ್ರಾಂಕ್ ನೊರೊನ್ಹಾ ಅವರ ಕಾಲದಲ್ಲಿ, ೧೯೨೫ರಲ್ಲಿ, ಹುಚ್ಚಾಸ್ಪತ್ರೆಯೆಂಬ ಹಳೆಯ ಹೆಸರು ಅಳಿದು ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. ಹೆಸರು ಬದಲಾದ ಮಾತ್ರಕ್ಕೆ ರೋಗ ಬದಲಾಗುವುದೇ ಎಂದು ಕೆಲವರು ಆಕ್ಷೇಪಿಸಬಹುದು. ಭಾಷೆಯನ್ನು ಕಲಿಸುವ ನನಗೆ ಆ ಬದಲಾವಣೆಯು ಅಲ್ಪವೆಂದು ತೋರುವುದಿಲ್ಲ. ಹುಚ್ಚರನ್ನು ಕೂಡಿಹಾಕುವ ಮನೆಗೆ ಕಾವಲುಗಾರ ಸಾಕು. ಆಸ್ಪತ್ರೆಗಾದರೆ ವೈದ್ಯ ಬೇಕು. ಹೆಸರಿನ ಹಿಂದೆಯೇ ಕಟ್ಟಡವೂ ಬಂದಿತು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿ ಮೂವತ್ತರ ದಶಕದಲ್ಲಿ ಊರ ಹೊರಗಿನ ವಿಶಾಲವಾದ ಬಯಲಿಗೆ ಆಸ್ಪತ್ರೆಯನ್ನು ಸಾಗಿಸಿದರು. ಈ ಹೊಸ ಆಸ್ಪತ್ರೆಯ ಹೊಣೆಯು ಆ ದಶಕದ ಕೊನೆಯ ಹೊತ್ತಿಗೆ ನೊರೊನ್ಹಾ ಅವರ ಕೈಯಿಂದ ಗೋವಿಂದಸ್ವಾಮಿಯವರ ಕೈಗೆ ಬಂದಿತು.

ಗೋವಿಂದಸ್ವಾಮಿಯವರ ಶಿಕ್ಷಣವು ಎರಡು ಹೊಳೆಗಳು ಕೂಡಿದಂತೆ ಇತ್ತು. ಮನಶ್ಶಾಸ್ತ್ರವನ್ನು ಅವರು ಅಭ್ಯಾಸ ಮಾಡಿದ್ದರು; ವೈದ್ಯವನ್ನೂ ಕಲಿತಿದ್ದರು. ಮನಶ್ಶಾಸ್ತ್ರವನ್ನು ಓದಿದವರಿಗೆ ನರಗಳ ಪರಿಚಯ ಕಡಿಮೆ, ವೈದ್ಯವನ್ನು ಓದಿದವರಿಗೆ ಮನಸ್ಸಿನ ಗೊಡವೆ ಕಡಿಮೆ ಎನ್ನುವ ಆ ಕಾಲದಲ್ಲಿ ಎರಡನ್ನೂ ಬಲ್ಲವರು ಬೆರಳೆಣಿಕೆಯಷ್ಟು. ಮುಂದೆ ಅವರು ವಿದೇಶಕ್ಕೆ ಹೋಗಿ, ಲಂಡನ್ನಿನ ಹೆಸರಾಂತ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಮನೋವೈದ್ಯದ ತರಬೇತಿ ಪಡೆದು ಬಂದರು. ಹೊರದೇಶದ ವಿದ್ಯೆಯನ್ನು ಕಲಿತು ಬಂದವರು ಮಹಾನಗರಗಳಲ್ಲಿ ಸ್ವಂತ ವೃತ್ತಿಯನ್ನು ಹೂಡಿ ಹಣ ಗಳಿಸುವುದು ಸುಲಭವಾಗಿತ್ತು. ಅವರು ಸರಕಾರಿ ಆಸ್ಪತ್ರೆಯ ರೋಗಿಗಳ ನಡುವೆಯೇ ಉಳಿದುಕೊಂಡರು.

ಆಗ ವೈದ್ಯನ ಕೈಯಲ್ಲಿದ್ದ ಸಾಮಗ್ರಿಯಾದರೂ ಎಷ್ಟು? ಮೂರ್ಛೆರೋಗಕ್ಕೆ ಪೊಟಾಸಿಯಂ ಬ್ರೋಮೈಡ್ ಇತ್ತು. ೧೮೫೭ರಲ್ಲಿ ಲಂಡನ್ನಿನ ಸರ್ ಚಾರ್ಲ್ಸ್ ಲೋಕಾಕ್ ಅದರ ಗುಣವನ್ನು ಸಾರಿದ್ದರು. ಅದು ಸೆಳೆತವನ್ನು ತಗ್ಗಿಸುತ್ತಿತ್ತು ನಿಜ. ಆದರೆ ಮೈಯೆಲ್ಲ ಗುಳ್ಳೆಗಳೇಳುತ್ತಿದ್ದವು, ಬುದ್ಧಿ ಮಂಕಾಗುತ್ತಿತ್ತು. ೧೯೧೨ರಲ್ಲಿ ಜರ್ಮನಿಯ ತರುಣ ವೈದ್ಯ ಆಲ್ಫ್ರೆಡ್ ಹೌಪ್ಟ್‌ಮನ್ ನಿದ್ರೆಗಾಗಿ ಕೊಡುತ್ತಿದ್ದ ಲ್ಯೂಮಿನಾಲ್ ಮೂರ್ಛೆಯನ್ನೂ ತಡೆಯುತ್ತದೆಂದು ಕಂಡುಕೊಂಡರು. ಫಿನೋಬಾರ್ಬಿಟಾಲ್ ಎಂಬುದು ಅದರ ಇನ್ನೊಂದು ಹೆಸರು. ಒಂದು ಶತಮಾನ ಕಳೆದರೂ ಬಡವರ ಪಾಲಿಗೆ ಅದು ಆಸರೆಯಾಗಿಯೇ ಉಳಿದಿದೆ. ೧೯೩೮ರಲ್ಲಿ ಅಮೆರಿಕದ ಮೆರಿಟ್ ಮತ್ತು ಪುಟ್ನಮ್ ಎಂಬಿಬ್ಬರು ಫೆನಿಟೋಯಿನ್ನಿನ ಫಲವನ್ನು ಪ್ರಕಟಿಸಿದರು. ಬೆಕ್ಕುಗಳಲ್ಲಿ ವಿದ್ಯುತ್ತಿನಿಂದ ಸೆಳೆತ ಬರಿಸಿ, ಅದನ್ನು ತಡೆಯುವ ವಸ್ತು ಯಾವುದೆಂದು ಒಂದೊಂದಾಗಿ ಪರೀಕ್ಷಿಸಿ ಆರಿಸಿದ ಔಷಧವದು. ಜಡತೆಯನ್ನು ಹೆಚ್ಚು ತರದೆ ಮೂರ್ಛೆಯನ್ನು ನಿಲ್ಲಿಸಬಹುದೆಂಬುದು ಆಗ ಸ್ಥಿರಪಟ್ಟಿತು. ಹೀಗೆ ಮೂರ್ಛೆರೋಗಿಗೆ ಒಂದಿಷ್ಟು ಬೆಳಕು ಕಂಡಿತ್ತು. ಚಿತ್ತವಿಕಾರದ ರೋಗಿಗೋ, ಪ್ಯಾರಾಲ್ಡಿಹೈಡ್, ಕ್ಲೋರಾಲ್ ಮುಂತಾದ ನಿದ್ರೆಯ ಮದ್ದುಗಳಲ್ಲದೆ ಬೇರೆ ಗತಿಯಿರಲಿಲ್ಲ. ಅವುಗಳಿಂದ ರೋಗಿ ಮಲಗುತ್ತಿದ್ದನೇ ಹೊರತು ರೋಗ ಮಲಗುತ್ತಿರಲಿಲ್ಲ.

ಇಂತಹ ನಿರಾಶೆಯ ಕಾಲದಲ್ಲಿ ಯುರೋಪಿನಿಂದ ಹೊಸ ಚಿಕಿತ್ಸೆಗಳ ಸುದ್ದಿ ಬರತೊಡಗಿತು. ಹಂಗೆರಿಯ ಮೆಡುನಾ ಎಂಬ ವೈದ್ಯನು ಮೂರ್ಛೆರೋಗಕ್ಕೂ ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಾರಕ್ಕೂ ಪರಸ್ಪರ ವೈರವಿದೆಯೆಂದು ಭಾವಿಸಿ, ಒಂದನ್ನು ಬರಿಸಿದರೆ ಇನ್ನೊಂದು ತೊಲಗೀತೆಂದು ೧೯೩೪ರಲ್ಲಿ ಪ್ರಯೋಗಕ್ಕೆ ತೊಡಗಿದನು. ಕಾರ್ಡಿಯಜೋಲ್ ಎಂಬ ದ್ರವವನ್ನು ರಕ್ತನಾಳಕ್ಕೆ ಚುಚ್ಚಿದರೆ ಕೆಲವೇ ಕ್ಷಣಗಳಲ್ಲಿ ರೋಗಿಗೆ ಸೆಳೆತ ಬರುತ್ತಿತ್ತು. ಬೆಂಗಳೂರಿನಲ್ಲಿ ಗೋವಿಂದಸ್ವಾಮಿಯವರು ಈ ಚಿಕಿತ್ಸೆಯನ್ನು ಕೈಗೊಂಡು, ಅದರ ಫಲಾಫಲಗಳನ್ನು ೧೯೩೯ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಕಾಲದ ಮಾನಸಿಕ ಆಸ್ಪತ್ರೆಯೊಂದನ್ನು ಊಹಿಸಿಕೊಂಡರೆ ಅಲ್ಲಿಯ ವೈಪರೀತ್ಯ ಮನಸ್ಸಿಗೆ ತಟ್ಟುತ್ತದೆ. ಒಬ್ಬ ರೋಗಿಗೆ ಸೆಳೆತ ಬಾರದಿರಲೆಂದು ಲ್ಯೂಮಿನಾಲ್ ಕೊಡುವ ವೈದ್ಯನೇ ಇನ್ನೊಬ್ಬನಿಗೆ ಸೆಳೆತ ಬರಲೆಂದು ಕಾರ್ಡಿಯಜೋಲ್ ಚುಚ್ಚಬೇಕಾಗಿತ್ತು. ಚುಚ್ಚಿದ ಮೇಲೆ ಸೆಳೆತ ಬರುವವರೆಗಿನ ಅಲ್ಪಾವಧಿಯಲ್ಲಿ ರೋಗಿಯನ್ನು ಆವರಿಸುತ್ತಿದ್ದ ಭಯವು ಘೋರವಾಗಿತ್ತು. ೧೯೩೮ರಲ್ಲಿ ರೋಮ್ ನಗರದ ಚೆರ್ಲೆಟ್ಟಿ ಮತ್ತು ಬಿನಿ ವಿದ್ಯುತ್ತಿನಿಂದ ಸೆಳೆತ ಬರಿಸುವ ರೀತಿಯನ್ನು ತೋರಿಸಿದ ಮೇಲೆ ಈ ಭಯಂಕರ ಮದ್ದು ಕ್ರಮೇಣ ಹಿಂದೆ ಸರಿಯಿತು. ಮೆಡುನಾನ ಸಿದ್ಧಾಂತವು ನಿಲ್ಲಲಿಲ್ಲ. ಆದರೂ ವಿದ್ಯುತ್ ಚಿಕಿತ್ಸೆಯು ಅರಿವಳಿಕೆಯೊಡನೆ ಸುಧಾರಿಸಿ ತೀವ್ರ ಖಿನ್ನತೆ ಮೊದಲಾದ ಕೆಲವು ರೋಗಗಳಿಗೆ ಇಂದಿಗೂ ಬಳಕೆಯಲ್ಲಿದೆ. ತಪ್ಪು ದಾರಿಯಲ್ಲಿ ಹೊರಟವರೂ ಕೆಲವೊಮ್ಮೆ ಊರು ಸೇರುತ್ತಾರೆ.

ಇನ್ಸುಲಿನ್ನಿನಿಂದ ರೋಗಿಯನ್ನು ಆಳವಾದ ಮೈಮರೆವಿಗೆ ಇಳಿಸಿ, ಸಕ್ಕರೆಯ ನೀರು ಕೊಟ್ಟು ಮತ್ತೆ ಎಬ್ಬಿಸುವ ಚಿಕಿತ್ಸೆಯನ್ನೂ ಬೆಂಗಳೂರಿನಲ್ಲಿ ನಡೆಸಿದರು. ಪ್ರತಿಯೊಬ್ಬ ರೋಗಿಯ ಬಳಿಯಲ್ಲಿಯೂ ಗಂಟೆಗಟ್ಟಲೆ ಎಚ್ಚರದಿಂದ ಕುಳಿತಿರಬೇಕಾದ, ಕೈತಪ್ಪಿದರೆ ಪ್ರಾಣಕ್ಕೇ ಎರವಾಗುವ ಕೆಲಸವದು. ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಮೆದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯನ್ನು ೧೯೩೫ರಲ್ಲಿ ಆರಂಭಿಸಿದನಷ್ಟೆ. ಆ ಕ್ರಿಯೆಯೂ ಬೆಂಗಳೂರಿಗೆ ಬಂದಿತು. ಭಾರತೀಯ ರೋಗಿಗಳಲ್ಲಿ ಅದರ ಪರಿಣಾಮವನ್ನು ಕುರಿತು ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯರಾದ ಬಾಲಕೃಷ್ಣರಾಯರೂ ೧೯೪೪ರಲ್ಲಿ ಅದೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, ದೇಶೀಯ ಸಂಸ್ಥಾನವೊಂದರ ಆಸ್ಪತ್ರೆಯಿಂದ ಇಂತಹ ಲೇಖನ ಹೊರಟು ಲಂಡನ್ನಿನಲ್ಲಿ ಅಚ್ಚಾದದ್ದು ಸಣ್ಣ ಸಂಗತಿಯೇನಲ್ಲ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಮೋನಿಜನಿಗೆ ೧೯೪೯ರಲ್ಲಿ ನೊಬೆಲ್ ಬಹುಮಾನ ಬಂದಿತು. ಆದರೆ ಅವನ ಶಸ್ತ್ರಕ್ರಿಯೆಯು ಅನೇಕರ ಉದ್ವೇಗವನ್ನು ತಗ್ಗಿಸುವುದರ ಜೊತೆಗೆ ಅವರ ಉತ್ಸಾಹ, ಪ್ರೀತಿ, ವ್ಯಕ್ತಿತ್ವಗಳನ್ನೂ ಕುಂದಿಸಿತೆಂದು ಅನಂತರ ತಿಳಿದುಬಂದಿತು. ಇಂದು ಆ ಹಳೆಯ ಕ್ರಿಯೆಯನ್ನು ಸಮರ್ಥಿಸುವವರಿಲ್ಲ. ಇನ್ಸುಲಿನ್ ಚಿಕಿತ್ಸೆಯ ಗತಿಯೂ ಅದೇ. ೧೯೫೭ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಟ್ಟುನಿಟ್ಟಾದ ಪರೀಕ್ಷೆಯೊಂದರಲ್ಲಿ ಇನ್ಸುಲಿನ್ನಿನ ಮೈಮರೆವಿಗೂ ಸಾಮಾನ್ಯ ನಿದ್ರೆಮದ್ದಿನ ಮೈಮರೆವಿಗೂ ಫಲದಲ್ಲಿ ಭೇದವಿಲ್ಲವೆಂದು ಸಿದ್ಧವಾಯಿತು. ಹಾಗಾದರೆ, ತಾನು ಕೊಟ್ಟ ಚಿಕಿತ್ಸೆಗಳಲ್ಲಿ ಬಹುಪಾಲು ಕಾಲದ ಪರೀಕ್ಷೆಯಲ್ಲಿ ಬಿದ್ದುಹೋದ ವೈದ್ಯನನ್ನು ನಾವು ಗೌರವಿಸಬೇಕಾದದ್ದೇಕೆ?

ನನ್ನ ಉತ್ತರ ಹೀಗಿದೆ. ಅಂದಿನ ವೈದ್ಯನ ಮುಂದಿದ್ದ ಆಯ್ಕೆಗಳು ಎರಡೇ: ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಹಾಕುವುದು, ಇಲ್ಲವೇ ಅಪಾಯವನ್ನರಿತೂ ಪ್ರಯತ್ನಿಸುವುದು. ಪ್ರಯತ್ನಿಸಿದವರಲ್ಲಿಯೂ ಎರಡು ವರ್ಗದವರಿದ್ದರು. ತಮ್ಮ ಚಿಕಿತ್ಸೆಯೇ ರಾಮಬಾಣವೆಂದು ಸಾರಿಕೊಂಡು ಲೆಕ್ಕವನ್ನು ಮುಚ್ಚಿಟ್ಟವರು ಒಂದು ವರ್ಗ. ಮಾಡಿದ್ದನ್ನು ಬರೆದಿಟ್ಟು, ಪರರ ವಿಮರ್ಶೆಗೆ ಒಪ್ಪಿಸಿದವರು ಇನ್ನೊಂದು ವರ್ಗ. ಗೋವಿಂದಸ್ವಾಮಿಯವರು ಎರಡನೆಯ ವರ್ಗಕ್ಕೆ ಸೇರಿದವರು. ಬರೆದಿಟ್ಟದ್ದು ತಪ್ಪೆಂದು ಮುಂದಿನವರಿಗೆ ತೋರಬಹುದು. ಬರೆಯದೆ ಬಿಟ್ಟದ್ದನ್ನು ತಿದ್ದುವ ಬಗೆಯಾದರೂ ಯಾವುದು? ಆದರೂ ಆ ಚಿಕಿತ್ಸೆಗಳ ಭಾರವನ್ನು ಹೊತ್ತವರು ರೋಗಿಗಳೆಂಬುದನ್ನು ಮರೆಯಬಾರದು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ವೈದ್ಯನ ಚರಿತ್ರೆಯನ್ನು ಬರೆಯುವಾಗ ಆ ಅನಾಮಿಕರಿಗೂ ಒಂದು ನಮಸ್ಕಾರ ಸಲ್ಲಬೇಕು.

ಇತ್ತ ಯುರೋಪಿನ ಸೂಜಿ, ಶಸ್ತ್ರಗಳು ಬರುತ್ತಿದ್ದ ಕಾಲದಲ್ಲಿಯೇ ನಮ್ಮ ಕಾಡಿನ ಬೇರೊಂದು ತನ್ನ ಸರದಿಗಾಗಿ ಕಾಯುತ್ತಿತ್ತು. ಸರ್ಪಗಂಧಿಯ ಬೇರನ್ನು ಭಾರತದ ನಾಟಿ ವೈದ್ಯರು ಹಿಂದಿನಿಂದಲೂ ಉನ್ಮಾದಕ್ಕೆ ಕೊಡುತ್ತಿದ್ದರು. ಉತ್ತರ ಭಾರತದ ಕೆಲವೆಡೆ ಅದನ್ನು ಹುಚ್ಚಿನ ಮದ್ದೆಂದೇ ಕರೆಯುತ್ತಿದ್ದರು. ೧೯೩೧ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಆ ಬೇರು ಚಿತ್ತವಿಕಾರವನ್ನೂ ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅದರಿಂದ ಕೆಲವು ಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ಸ್ಮರಣಾರ್ಥವಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ನಮ್ಮವರ ಈ ಲೇಖನಗಳು ಹೊರಗೆ ಗಮನಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ೧೯೪೯ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು ರಕ್ತದ ಒತ್ತಡದ ಮೇಲೆ ಅದರ ಫಲವನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ರಿಸರ್ಪಿನ್ ಎಂಬ ಶುದ್ಧ ಸತ್ವವನ್ನು ತೆಗೆದರು. ೧೯೫೪ರಲ್ಲಿ ಅಮೆರಿಕದ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ಫಲ ಕಂಡರು. ಹಿತ್ತಲಿನ ಗಿಡ ಮದ್ದಲ್ಲವೆಂಬ ನಮ್ಮ ನಾಣ್ಣುಡಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಭಾರತೀಯ ದರ್ಶನಗಳಲ್ಲಿಯೂ ಆಯುರ್ವೇದದಲ್ಲಿಯೂ ಮನೋವೈದ್ಯಕ್ಕೆ ಉಪಯುಕ್ತವಾದ ವಿಚಾರಗಳಿವೆಯೆಂದೂ ಅವುಗಳನ್ನು ಶಾಸ್ತ್ರೀಯವಾಗಿ ಸಂಶೋಧಿಸಬೇಕೆಂದೂ ಗೋವಿಂದಸ್ವಾಮಿಯವರು ಲೇಖನ ಬರೆದು ಪ್ರತಿಪಾದಿಸಿದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ. ನಮ್ಮದೆಲ್ಲವೂ ಶ್ರೇಷ್ಠವೆಂಬ ಅಭಿಮಾನವೂ, ನಮ್ಮಲ್ಲಿ ಏನೂ ಇಲ್ಲವೆಂಬ ದೈನ್ಯವೂ ಆ ಕಾಲದ ವಿದ್ಯಾವಂತರಲ್ಲಿ ಹೇರಳವಾಗಿದ್ದವು. ಅವೆರಡನ್ನೂ ಬಿಟ್ಟು, ಹಳೆಯದಿರಲಿ ಹೊಸದಿರಲಿ ಪರೀಕ್ಷಿಸಿ ನೋಡಬೇಕೆಂಬ ನಿಲುವು ಅವರದಾಗಿತ್ತು.

ರಿಸರ್ಪಿನ್ನಿನ ಜೊತೆಗೇ ಇನ್ನೊಂದು ಔಷಧವೂ ಬಂದಿತು. ಫ್ರಾನ್ಸಿನ ರೋನ್ ಪೂಲೆಂಕ್ ಕಂಪನಿಯಲ್ಲಿ ೧೯೫೦ರ ಡಿಸೆಂಬರಿನಲ್ಲಿ ಪಾಲ್ ಶಾರ್ಪಾಂತಿಯೇ ಎಂಬ ರಸಾಯನಜ್ಞನು ಕ್ಲೋರ್‌ಪ್ರೋಮಜೀನನ್ನು ತಯಾರಿಸಿದನು. ಶಸ್ತ್ರವೈದ್ಯನಾದ ಆನ್ರಿ ಲಾಬೊರಿ ಅದನ್ನು ಶಸ್ತ್ರಕ್ರಿಯೆಗೆ ಮುನ್ನ ಕೊಟ್ಟು ನೋಡಿ, ರೋಗಿಗಳು ನಿದ್ರೆಹೋಗದೆಯೇ ನಿರುದ್ವಿಗ್ನರಾಗಿರುವುದನ್ನು ಕಂಡನು. ೧೯೫೨ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯ ಡಿಲೇ ಮತ್ತು ಡೆನಿಕರ್ ಅದನ್ನು ಚಿತ್ತವಿಕಾರದ ರೋಗಿಗಳಿಗೆ ಕೊಟ್ಟರು. ಕೂಗಾಡುತ್ತಿದ್ದವರು ಶಾಂತರಾದರು, ಇಲ್ಲದ ಧ್ವನಿಗಳು ಕೇಳುವುದು ಕಡಿಮೆಯಾಯಿತು, ಮಾತು ಹಳಿಗೆ ಬಂದಿತು. ಲಾರ್ಗಾಕ್ಟಿಲ್ ಎಂಬ ವ್ಯಾಪಾರದ ಹೆಸರಿನಿಂದ ಆ ಔಷಧವು ಐವತ್ತರ ದಶಕದಲ್ಲಿ ಭಾರತಕ್ಕೂ ಬಂದಿತು. ಅದು ಹೇಗೆ ಕೆಲಸ ಮಾಡುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಮೆದುಳಿನ ನರಕೋಶಗಳ ನಡುವೆ ಸಂದೇಶವನ್ನು ಒಯ್ಯುವ ಡೋಪಮೀನ್ ಎಂಬ ದ್ರವ್ಯವು ಎರಗುವ ಸ್ಥಾನಗಳನ್ನು ಅದು ಮುಚ್ಚಿಬಿಡುತ್ತದೆಂದು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮುಂತಾದವರ ಸಂಶೋಧನೆಗಳಿಂದ ಮುಂದೆ ಗೊತ್ತಾಯಿತು.

ಔಷಧಗಳು ಬಂದರೂ ಅವನ್ನು ಅರಿತು ಕೊಡುವ ವೈದ್ಯರು ಬೇಕಷ್ಟೆ. ಭೋರ್ ಸಮಿತಿಯು ೧೯೪೬ರ ವರದಿಯಲ್ಲಿ ದೇಶದ ಮಾನಸಿಕ ಆಸ್ಪತ್ರೆಗಳ ದುಃಸ್ಥಿತಿಯನ್ನು ವಿವರಿಸಿ, ಮನೋವೈದ್ಯರನ್ನು ತಯಾರಿಸುವ ಸಂಸ್ಥೆಯೊಂದು ಅಗತ್ಯವೆಂದು ಸೂಚಿಸಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಸೂಚನೆಯು ಫಲಿಸಿದ್ದು ಬೆಂಗಳೂರಿನಲ್ಲಿ. ೧೯೫೪ರ ಡಿಸೆಂಬರ್ ೨೭ರಂದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿಯೇ ಆರಂಭವಾಯಿತು. ಗೋವಿಂದಸ್ವಾಮಿಯವರು ಅದರ ನಿರ್ದೇಶಕರಾದರು. ವೈದ್ಯರಿಗಾಗಿ ಮನೋವೈದ್ಯದ ಡಿಪ್ಲೊಮಾ, ಮನಶ್ಶಾಸ್ತ್ರ ಓದಿದವರಿಗಾಗಿ ಇನ್ನೊಂದು ಡಿಪ್ಲೊಮಾ, ದಾದಿಯರಿಗೆ ಪ್ರತ್ಯೇಕ ಶಿಕ್ಷಣ ಹೀಗೆ ಒಂದೇ ಅಂಗಳದಲ್ಲಿ ಅನೇಕ ವಿದ್ಯೆಗಳು ಕೂಡಿದವು. ಮನೋರೋಗವನ್ನು ವೈದ್ಯನೊಬ್ಬನೇ ಗೆಲ್ಲಲಾರನು, ಮನಸ್ಸನ್ನೂ ಮನೆಯನ್ನೂ ನೆರೆಹೊರೆಯನ್ನೂ ಬಲ್ಲವರು ಜೊತೆಗಿರಬೇಕು ಎಂಬ ತತ್ತ್ವವು ಈ ವ್ಯವಸ್ಥೆಯಲ್ಲಿ ಅಡಗಿತ್ತು. ಎರಡು ಶಾಸ್ತ್ರಗಳನ್ನು ತಮ್ಮೊಬ್ಬರಲ್ಲಿಯೇ ಕೂಡಿಸಿಕೊಂಡಿದ್ದ ನಿರ್ದೇಶಕರಿಗೆ ಇದು ಸಹಜವಾದ ಯೋಜನೆಯೇ ಆಗಿತ್ತು.

೧೯೫೬ರಲ್ಲಿ ಕನ್ನಡ ನಾಡು ಒಂದಾದಾಗ ವಿಜಯಪುರ, ಧಾರವಾಡಗಳ ಜನರಿಗೂ ಬೆಂಗಳೂರು ರಾಜಧಾನಿಯಾಯಿತು. ಗೋವಿಂದಸ್ವಾಮಿಯವರು ಏಕೀಕೃತ ನಾಡನ್ನು ಐದು ವರ್ಷ ಕಂಡರು. ೧೯೬೧ರಲ್ಲಿ, ಅರುವತ್ತು ತುಂಬುವ ಮುನ್ನವೇ, ಅವರ ಬಾಳು ಮುಗಿಯಿತು. ಸಂಸ್ಥೆ ಉಳಿಯಿತು, ಬೆಳೆಯಿತು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ ನಿಮ್ಹಾನ್ಸ್ ಎಂಬ ರೂಪ ತಾಳಿದವು. ೨೦೧೨ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಶಾಸನಮಾಡಿತು.

ಅವರು ನೆಟ್ಟ ಗಿಡದ ನೆರಳು ಎಲ್ಲಿಯವರೆಗೆ ಚಾಚಿತೆಂಬುದಕ್ಕೆ ಒಂದೆರಡು ನಿದರ್ಶನ ಸಾಕು. ಆ ಸಂಸ್ಥೆಯಲ್ಲಿ ನರವೈದ್ಯರಾಗಿದ್ದ ಡಾಕ್ಟರ್ ಕೆ. ಎಸ್. ಮಣಿಯವರು ೧೯೬೮ರಲ್ಲಿ ವಿಚಿತ್ರವಾದ ಮೂರ್ಛೆಯೊಂದನ್ನು ವರ್ಣಿಸಿದರು. ಕಾದ ನೀರನ್ನು ತಂಬಿಗೆಯಿಂದ ತಲೆಯ ಮೇಲೆ ಬಿಡದೆ ಸುರಿದುಕೊಳ್ಳುವ ನಮ್ಮ ಅಭ್ಯಂಜನದ ಪದ್ಧತಿಯಲ್ಲಿ ಕೆಲವರಿಗೆ ಸ್ನಾನದ ಹೊತ್ತಿನಲ್ಲಿಯೇ ಸೆಳೆತ ಬರುವುದುಂಟು. ದೇವರ ಕೋಪವೆಂದು ಹೆದರುತ್ತಿದ್ದ ಅದಕ್ಕೆ ನೀರಿನ ಬಿಸಿಯನ್ನು ತಗ್ಗಿಸುವುದು, ಅಗತ್ಯವಿದ್ದರೆ ಸ್ನಾನಕ್ಕೆ ಮೊದಲು ಕ್ಲೋಬಜಾಮ್ ಗುಳಿಗೆ ಕೊಡುವುದು ಪರಿಹಾರವಾಯಿತು. ಯಳಂದೂರಿನ ಹಳ್ಳಿಗಳಲ್ಲಿ ಮಣಿಯವರೂ ಅವರ ಸಂಗಡಿಗರೂ ನಡೆಸಿದ ಕಾರ್ಯವು ಫಿನೋಬಾರ್ಬಿಟಾಲ್, ಫೆನಿಟೋಯಿನ್‌ಗಳಂತಹ ಅಗ್ಗದ ಔಷಧಗಳಿಂದಲೇ ಹಳ್ಳಿಯ ಮೂರ್ಛೆರೋಗಿಗಳಲ್ಲಿ ಅನೇಕರನ್ನು ನೆಮ್ಮದಿಗೆ ತರಬಹುದೆಂದು ತೋರಿಸಿತು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಈ ಎರಡು ಬಗೆಯ ರೋಗಗಳಿಗೂ ಗುಳಿಗೆ ದೊರೆಯುವಂತೆ ಮಾಡಿದರು. ೧೯೯೬ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ.

ಆದರೂ ಗುಳಿಗೆಯೇ ಸರ್ವಸ್ವವೆಂದು ಹೇಳುವುದು ಗೋವಿಂದಸ್ವಾಮಿಯವರಿಗೆ ಸಲ್ಲುವ ಗೌರವವಾಗಲಾರದು. ರಿಸರ್ಪಿನ್ ಕೆಲವರನ್ನು ಖಿನ್ನತೆಗೆ ದೂಡಿತು. ಕೆಲವೇ ವರ್ಷಗಳಲ್ಲಿ ಮನೋವೈದ್ಯವು ಅದನ್ನು ಬಹುಮಟ್ಟಿಗೆ ಕೈಬಿಟ್ಟಿತು. ಕ್ಲೋರ್‌ಪ್ರೋಮಜೀನ್ ಮತ್ತು ಅದರ ಬಳಗದ ಮದ್ದುಗಳಿಂದ ಕೈನಡುಕ, ಮೈಬಿಗಿತ, ದೀರ್ಘಕಾಲದಲ್ಲಿ ನಾಲಗೆ ತುಟಿಗಳ ತಡೆಯಲಾಗದ ಚಲನೆ ಉಂಟಾಗಬಹುದು. ಅನಂತರ ಬಂದ ಕ್ಲೋಜಪಿನ್ ಇತರ ಮದ್ದುಗಳಿಗೆ ಮಣಿಯದ ರೋಗಕ್ಕೂ ನಾಟಬಲ್ಲದು. ಆದರೆ ರಕ್ತದ ಬಿಳಿಯ ಕಣಗಳನ್ನು ಕುಗ್ಗಿಸುವ ಭಯವಿರುವುದರಿಂದ ಮೇಲಿಂದ ಮೇಲೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಮೂರ್ಛೆಯ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಮೇಲೊಂದು ಸೆಳೆತ ಬಂದು ಪ್ರಾಣಕ್ಕೆ ಸಂಚಕಾರವಾಗಬಹುದು. ಔಷಧವು ರೋಗಿಗೂ ವೈದ್ಯನಿಗೂ ನಡುವೆ ದೀರ್ಘಕಾಲದ ಒಪ್ಪಂದ, ಒಬ್ಬರೇ ಮುರಿದುಕೊಳ್ಳತಕ್ಕದ್ದಲ್ಲ.

ನನ್ನ ವಿದ್ಯಾರ್ಥಿಯೊಬ್ಬನು ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿಯೇ ಮೂರ್ಛೆ ಬಿದ್ದನು. ಬೆಂಚಿನ ಹುಡುಗರು ಕೀಲಿಕೈ ಹುಡುಕಿದರು. ಅವನನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ ಸುಮ್ಮನೆ ಕಾದೆವು. ಕೆಲವು ನಿಮಿಷಗಳಲ್ಲಿ ಎಚ್ಚರಾಯಿತು. ಕೇಳಿದಾಗ ತಿಳಿದುಬಂದದ್ದು: ವರ್ಷಗಳಿಂದ ಅವನು ಗುಳಿಗೆ ನುಂಗುತ್ತಿದ್ದನು, ವಸತಿನಿಲಯದ ಗೆಳೆಯರು ನೋಡಿಯಾರೆಂಬ ನಾಚಿಕೆಯಿಂದ ಎರಡು ವಾರ ಬಿಟ್ಟಿದ್ದನು. ರೋಗಕ್ಕೆ ಮದ್ದಿತ್ತು, ನಾಚಿಕೆಗೆ ಮದ್ದಿರಲಿಲ್ಲ. ಮದುವೆಯ ಮಾತು ಬಂದಾಗ ಹೆಣ್ಣುಮಕ್ಕಳ ಗುಳಿಗೆಯನ್ನು ಮನೆಯವರೇ ನಿಲ್ಲಿಸಿದ ಪ್ರಸಂಗಗಳನ್ನೂ ನಾನು ಕೇಳಿದ್ದೇನೆ. ಆ ಹುಡುಗನು ಮತ್ತೆ ವೈದ್ಯರನ್ನು ಕಂಡು, ಕ್ರಮವಾಗಿ ಮದ್ದು ತೆಗೆದುಕೊಂಡು, ಪದವಿ ಮುಗಿಸಿದನು. ಈಗ ಅವನೇ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದಾನೆ.

ಮೂರ್ಛೆಗೂ ಚಿತ್ತವಿಕಾರಕ್ಕೂ ರಸಾಯನಜ್ಞರು ಮದ್ದು ಕಂಡುಹಿಡಿದರು. ಆ ಮದ್ದನ್ನು ಬಲ್ಲ ವೈದ್ಯರನ್ನು ತಯಾರಿಸಲು ಗೋವಿಂದಸ್ವಾಮಿಯವರಂಥವರು ಸಂಸ್ಥೆಗಳನ್ನು ಕಟ್ಟಿದರು. ಗುಳಿಗೆಯು ಬೆಂಗಳೂರಿನಿಂದ ಬಳ್ಳಾರಿಗೆ, ಬಳ್ಳಾರಿಯಿಂದ ನಮ್ಮ ಹಳ್ಳಿಯ ದವಾಖಾನೆಗೆ ಬಂದು ಮುಟ್ಟಿದೆ. ಉಳಿದಿರುವುದು ಅಂಗೈಯಿಂದ ಬಾಯಿಯವರೆಗಿನ ಒಂದು ಗೇಣು ದೂರ. ಆ ಒಂದು ಗೇಣಿನಲ್ಲಿ ಅಡ್ಡ ನಿಂತಿರುವುದು ಜನರ ನಾಲಗೆ, ನೆರೆಹೊರೆಯ ನಗೆ, ಧಾರವಾಡದ ಹೆಸರು ಹೇಳಿ ನಾವಾಡುವ ಕುಚೋದ್ಯ. ಅದನ್ನು ದೂರಮಾಡುವ ಕೆಲಸವನ್ನು ಯಾವ ವೈದ್ಯನಿಗೂ ವಹಿಸಿಕೊಡುವಂತಿಲ್ಲ. ಅದು ಮಾತನ್ನೇ ವೃತ್ತಿಯಾಗಿ ಉಳ್ಳ ನಮ್ಮಂತಹ ಉಪಾಧ್ಯಾಯರದೂ, ಬರಹಗಾರರದೂ, ಓದುಗರದೂ ಆಗಿದೆ. ೧೯೨೫ರಲ್ಲಿ ಒಂದು ಆಸ್ಪತ್ರೆಯು ತನ್ನ ಹೆಸರನ್ನು ಬದಲಿಸಿಕೊಂಡಿತು. ನೂರು ವರ್ಷಗಳ ತರುವಾಯವಾದರೂ ನಮ್ಮ ನುಡಿಯು ಅಷ್ಟು ಸೌಜನ್ಯವನ್ನು ಕಲಿಯಬಾರದೇ?